ಗ್ರಂಥಾಲಯದ ಸಿಬ್ಬಂದಿಗೆ ಬರೆಯಲು ಬಿಡಿ: ನಮ್ಮ ಭಾಗದ ಕುಲಪತಿಗಳಿಗೊಂದು ಬಹಿರಂಗ ಪತ್ರ

ಕಲಬುರಗಿ, ಬೀದರ್ ಮತ್ತು ಯಾದಗಿರಿ ಭಾಗದ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳು, ಕುಲಸಚಿವರು ಹಾಗೂ ಸಿಂಡಿಕೇಟ್ ಸದಸ್ಯರಿಗೆ,

ನಮಸ್ಕಾರ.

ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ. ನಿಮ್ಮ ಗ್ರಂಥಾಲಯಗಳಲ್ಲಿ ದುಡಿಯುವವರು ತಮ್ಮ ಕಪಾಟಿನ ಪುಸ್ತಕಗಳ ಬಗ್ಗೆ, ತಮ್ಮ ಕೆಲಸದ ಬಗ್ಗೆ, ತಮ್ಮದೇ ಹೆಸರಿನಲ್ಲಿ, ಊರವರೆಲ್ಲ ಓದುವಂತೆ ವಿಶ್ವವಿದ್ಯಾಲಯದ ಜಾಲತಾಣದಲ್ಲೇ ಬರೆಯಲು ಅವಕಾಶ ಕೊಡಿ. ಒಂದೊಂದು ಬರಹಕ್ಕೂ ಕಡತ ಮೇಲೆ ಹೋಗಿ ಕೆಳಗೆ ಬರುವಂಥ ಅನುಮತಿ ಬೇಡ. ಬರೆಯುವುದೂ ಅವರ ಕರ್ತವ್ಯದ ಭಾಗ ಎಂದು ಒಂದೇ ಆದೇಶದಲ್ಲಿ ಹೇಳಿಬಿಡಿ. ಬರೆಯಬಲ್ಲವರು ಅವರಲ್ಲಿದ್ದಾರೆ. ನಾನು ಅವರನ್ನು ಬಲ್ಲೆ.

ಈ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಎಂ.ಎ. ಓದುವಾಗಿನಿಂದ ಇಂದಿನವರೆಗೂ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳ ಋಣದಲ್ಲಿದ್ದೇನೆ. ನನ್ನ ವಿದ್ಯಾರ್ಥಿಗಳು ಸೇಡಂ, ಚಿಂಚೋಳಿ, ಜೇವರ್ಗಿ, ಅಫಜಲಪುರ ಕಡೆಯ ಹಳ್ಳಿಗಳವರು. ಮನೆಯಲ್ಲಿ ತೊಗರಿ ರಾಶಿ ಇದ್ದರೆ ವಾರಗಟ್ಟಲೆ ಕಾಲೇಜಿಗೆ ಬರಲಾಗದ ಮಕ್ಕಳು. ಅವರನ್ನು ದೊಡ್ಡ ಗ್ರಂಥಾಲಯಕ್ಕೆ ಕರೆದುಕೊಂಡು ಹೋದಾಗಲೆಲ್ಲ ಒಂದು ಗಮನಿಸಿದ್ದೇನೆ. ಅವರಿಗೆ ಪುಸ್ತಕದ ಹೆದರಿಕೆ ಇಲ್ಲ. ಇರುವುದು ಕೌಂಟರಿನ ಹೆದರಿಕೆ, ಏನು ಕೇಳಬೇಕು, ಹೇಗೆ ಕೇಳಬೇಕು ಎಂದು ತಿಳಿಯದ ಹೆದರಿಕೆ. ಒಳಗೆ ಏನಿದೆ ಎಂಬುದನ್ನು ಅವರ ಭಾಷೆಯಲ್ಲಿ, ಅವರ ಕೈಯಲ್ಲಿರುವ ಮೊಬೈಲಿಗೆ ತಲುಪುವಂತೆ, ಯಾರೂ ಮೊದಲೇ ಹೇಳಿರುವುದಿಲ್ಲ.

ಒಮ್ಮೆ ಒಂದು ಗ್ರಂಥಾಲಯದ ಓಪಾಕ್, ಅಂದರೆ ಪುಸ್ತಕ ಹುಡುಕುವ ಕಂಪ್ಯೂಟರ್ ಪಟ್ಟಿಯ ಮುಂದೆ ನನ್ನ ವಿದ್ಯಾರ್ಥಿನಿಯೊಬ್ಬಳು ಕುಳಿತಿದ್ದಳು. ವಚನಗಳ ಮೇಲಿನ ಪುಸ್ತಕ ಬೇಕಿತ್ತು. ಕನ್ನಡದಲ್ಲಿ ಟೈಪ್ ಮಾಡಿದರೆ ಒಂದೂ ಬರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದಾಗ ನಾಲ್ಕೈದು ಬಂದವು. ಅಷ್ಟೇ ಇರಬೇಕೆಂದು ಎದ್ದು ನಿಂತಳು. ಪಕ್ಕದಲ್ಲಿ ಟ್ರಾಲಿಯಿಂದ ಪುಸ್ತಕ ಎತ್ತಿ ಜೋಡಿಸುತ್ತಿದ್ದವರು ಪರದೆಯ ಕಡೆ ಬಗ್ಗಿ ನೋಡಿ, "ಸಿ ಮುಂದ ಎಚ್ ಹಾಕಬ್ಯಾಡವ್ವಾ, ಬರೇ ಸಿ ಹಾಕು. ಹಳೇ ಪುಸ್ತಕ ಎಲ್ಲಾ ಹಂಗ ಎಂಟ್ರಿ ಆಗ್ಯಾವ" ಅಂದರು. vachana ಬದಲು vacana ಎಂದು ಹೊಡೆದಳು. ಪರದೆ ತುಂಬಿತು. "ಇಷ್ಟೂ ಸಿಗಲಿಲ್ಲ ಅಂದ್ರ ಸೀದಾ 894.814ಕ್ಕ ಹೋಗಿ ನಿಂದ್ರು, ಅಲ್ಲೇ ಅದಾವ" ಎಂದೂ ಸೇರಿಸಿದರು. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಅದು ಕನ್ನಡ ಸಾಹಿತ್ಯದ ಸಂಖ್ಯೆ. ಕನ್ನಡ ಎಂ.ಎ. ಮುಗಿಸಿದ ಎಷ್ಟೋ ಜನರಿಗೆ ಅದು ಗೊತ್ತಿಲ್ಲ.

ಅರ್ಧ ನಿಮಿಷದ ಮಾತು. ಆ ಮಾತು ಯಾವ ಕೈಪಿಡಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಅವರು ಅಂದು ಆ ಪಾಳಿಯಲ್ಲಿ ಇರದಿದ್ದರೆ ಹುಡುಗಿ ನಾಲ್ಕು ಪುಸ್ತಕ ನೋಡಿ ಮನೆಗೆ ಹೋಗುತ್ತಿದ್ದಳು. ನಾಳೆ ಅವರು ಕೆಲಸ ಬಿಟ್ಟರೆ ಆ ತಿಳಿವಳಿಕೆಯೂ ಅವರ ಜೊತೆ ಗೇಟು ದಾಟುತ್ತದೆ. ಅದನ್ನೇ ಅವರು ಹತ್ತು ಸಾಲಿನಲ್ಲಿ ಬರೆದು ಹಾಕಿದ್ದರೆ ಆಳಂದದ ಹುಡುಗನಿಗೂ ಔರಾದದ ಹುಡುಗಿಗೂ ಉಪಯೋಗವಾಗುತ್ತಿತ್ತು.

ಪಿಎಚ್.ಡಿ. ಮಹಾಪ್ರಬಂಧಗಳ ವಿಷಯಕ್ಕೆ ಬರುತ್ತೇನೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮಾವಳಿಯ ನಂತರ ಮಹಾಪ್ರಬಂಧದ ವಿದ್ಯುನ್ಮಾನ ಪ್ರತಿ ಕೊಡುವುದು ಕಡ್ಡಾಯವಾಯಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರದಲ್ಲಿ ಅವು ಸೇರುತ್ತವೆ. ಒಳ್ಳೆಯ ಕೆಲಸ. ಆದರೆ ಕನ್ನಡದ ಪ್ರಬಂಧಗಳ ಗತಿ ಏನಾಗಿದೆ ನೋಡಿ. ಬಹಳಷ್ಟು ಪ್ರಬಂಧಗಳು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಆದವು. ಇನ್ನು ಕೆಲವು ಕಾಗದದಿಂದ ಸ್ಕ್ಯಾನ್ ಆದ ಚಿತ್ರಗಳು. ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ, ಕಂಪ್ಯೂಟರಿಗೆ ಮಾತ್ರ ಅರ್ಥವಿಲ್ಲದ ಅಕ್ಷರಗಳು. ಹಾಗಾಗಿ ತತ್ವಪದಕಾರರ ಬಗ್ಗೆ, ನಮ್ಮ ಮೊಹರಂ ಪದಗಳ ಬಗ್ಗೆ, ಭೀಮಾ ತೀರದ ಗ್ರಾಮದೇವತೆಗಳ ಬಗ್ಗೆ ಗೂಗಲ್‌ನಲ್ಲಿ ಕನ್ನಡದಲ್ಲೇ ಹುಡುಕಿದರೂ ಇಂಥ ಪ್ರಬಂಧದ ಒಳಗಿನ ಒಂದು ಸಾಲೂ ಎದುರಾಗುವುದಿಲ್ಲ. ವರ್ಷಗಟ್ಟಲೆ ಊರೂರು ತಿರುಗಿ ಒಬ್ಬರು ಬರೆದ ಪ್ರಬಂಧ ಇದ್ದೂ ಇಲ್ಲದಂತಾಗಿದೆ. ಗೊತ್ತಿಲ್ಲದೆ ಮತ್ತೊಬ್ಬರು ಅದೇ ವಿಷಯ ಹಿಡಿದು ಅದೇ ಊರುಗಳಿಗೆ ಹೋಗುತ್ತಾರೆ.

ಇದಕ್ಕೆ ಕೋಟಿ ರೂಪಾಯಿಯ ಯೋಜನೆ ಬೇಕಿಲ್ಲ. ಪ್ರಬಂಧ ವಿಭಾಗದಲ್ಲಿ ಕೂರುವವರು ಒಂದೊಂದು ಪ್ರಬಂಧದ ಬಗ್ಗೆ ಯೂನಿಕೋಡ್ ಕನ್ನಡದಲ್ಲಿ ಒಂದು ಪುಟ ಬರೆಯಲಿ. ಯಾರು, ಯಾವ ವರ್ಷ, ಯಾವ ಯಾವ ಊರಿನಲ್ಲಿ ಏನು ಸಂಗ್ರಹಿಸಿದರು, ಅನುಬಂಧದಲ್ಲಿ ಯಾವ ಹಾಡುಗಳಿವೆ, ಯಾವ ಫೋಟೋಗಳಿವೆ, ಅಷ್ಟು ಸಾಕು. ಹುಡುಕಿದವರಿಗೆ ಆ ಪುಟ ಸಿಗುತ್ತದೆ, ಆ ಪುಟದಿಂದ ಪ್ರಬಂಧ ಸಿಗುತ್ತದೆ. ಅನುಬಂಧದಲ್ಲಿ ಏನಿದೆ ಎಂದು ಪುಟ ತಿರುವಿ ನೋಡಿದವರು ಎಷ್ಟೋ ಸಲ ಇಡೀ ಕ್ಯಾಂಪಸ್ಸಿನಲ್ಲಿ ಅವರೊಬ್ಬರೇ ಆಗಿರುತ್ತಾರೆ.

ಇನ್ನೊಂದು ಉದಾಹರಣೆ ಹಣಕ್ಕೆ ಸಂಬಂಧಿಸಿದ್ದು. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆಗೆ ಮೂರು ವರ್ಷಕ್ಕೆ ಸುಮಾರು 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಸಂಶೋಧನಾ ನಿಯತಕಾಲಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ತೆರೆದಿವೆ. ನನ್ನ ಪರಿಚಯದ ಸಂಶೋಧನಾ ವಿದ್ಯಾರ್ಥಿಗಳನ್ನು ಕೇಳಿದರೆ ಹೆಸರು ಕೇಳಿದ್ದೇವೆ ಎನ್ನುತ್ತಾರೆ, ಒಳಗೆ ಹೋಗುವ ದಾರಿ ಗೊತ್ತಿಲ್ಲ ಎನ್ನುತ್ತಾರೆ. ದಾರಿ ತೋರಿಸಬಲ್ಲವರು ಗ್ರಂಥಾಲಯದಲ್ಲೇ ಕೂತಿದ್ದಾರೆ. ಕೇಳಲು ಬಂದವರಿಗಷ್ಟೇ ಹೇಳುತ್ತಾರೆ. ಬರದೇ ಇದ್ದವರಿಗೆ ಹೇಳಲು ಅವರಿಗೆ ಜಾಗವೇ ಇಲ್ಲ.

ಜಾಗ ಇಲ್ಲವೆಂದು ತಾವೇ ಒಂದು ಜಾಗ ಮಾಡಿಕೊಂಡವರಿಗೆ ಏನಾಯಿತು ಎಂಬುದನ್ನೂ ಹೇಳಬೇಕು. ನನಗೆ ಪರಿಚಯದ ಸಹಾಯಕ ಗ್ರಂಥಪಾಲಕರೊಬ್ಬರು, ಊರು, ಸಂಸ್ಥೆಯ ಹೆಸರು ಬೇಡ, ದಾನವಾಗಿ ಬಂದ ಪುಸ್ತಕಗಳ ಗಂಟು ಬಿಚ್ಚುವಾಗ ನಿಜಾಮರ ಕಾಲದ ಒಂದು ಉರ್ದು ಭೂಗೋಳ ಪಠ್ಯಪುಸ್ತಕ ನೋಡಿದರು. ಮೊದಲ ಪುಟದಲ್ಲಿ ಶಾಲೆಯ ಮೊಹರು. ಅಂಚಿನಲ್ಲಿ ಯಾರೋ ವಿದ್ಯಾರ್ಥಿ ಪೆನ್ಸಿಲಿನಲ್ಲಿ ಉರ್ದು ಪದಗಳಿಗೆ ಕನ್ನಡದಲ್ಲಿ ಅರ್ಥ ಬರೆದುಕೊಂಡಿದ್ದ. ನದಿಗಳ ಪಾಠದ ಪಕ್ಕದಲ್ಲಿ "ಕಾಗಿಣಾ ನಮ್ಮೂರ ಹೊಳಿ" ಎಂದು ಬರೆದಿದ್ದ. ಹೈದರಾಬಾದ್ ಸಂಸ್ಥಾನದಲ್ಲಿ ಉರ್ದು ಮಾಧ್ಯಮದಲ್ಲಿ ಕಲಿತ ಕನ್ನಡದ ಮಗುವೊಂದು ಪಾಠವನ್ನು ತನ್ನದಾಗಿಸಿಕೊಂಡ ಗುರುತು ಅದು. ನಮ್ಮ ಅಜ್ಜಂದಿರ ತಲೆಮಾರಿನ ಕಥೆಯೇ ಆ ಅಂಚಿನಲ್ಲಿತ್ತು. ಅವರು ಆ ಪುಟದ ಫೋಟೋ ತೆಗೆದು, ನಾಲ್ಕು ಪ್ಯಾರಾ ಬರೆದು ತಮ್ಮ ಫೇಸ್‌ಬುಕ್ ಖಾತೆಯಲ್ಲಿ ಹಾಕಿದರು. ಜನ ಹಂಚಿಕೊಂಡರು. ಇಬ್ಬರು ಮೂವರು ಹಿರಿಯರು ಪುಸ್ತಕ ನೋಡಲೆಂದೇ ಗ್ರಂಥಾಲಯಕ್ಕೆ ಬಂದರು.

ಆಮೇಲೆ ಮೇಲಿನವರಿಂದ ಕರೆ ಬಂತು. ಯಾರನ್ನು ಕೇಳಿ ಬರೆದಿರಿ, ಸಂಸ್ಥೆಯ ಆಸ್ತಿಯ ಫೋಟೋ ಹೇಗೆ ಹಾಕಿದಿರಿ ಎಂಬ ಪ್ರಶ್ನೆಗಳು. ಲಿಖಿತದಲ್ಲಿ ಏನೂ ಇಲ್ಲ, ಬಾಯಿಮಾತಿನ ಎಚ್ಚರಿಕೆ. ಅವರು ಬರಹ ತೆಗೆದುಹಾಕಿದರು. ಮತ್ತೆ ಬರೆಯಿರಿ ಎಂದು ನಾನು ಒತ್ತಾಯ ಮಾಡಿದಾಗ, "ಬರೀಲಿಕ್ಕ ಏನ್ರಿ ಸರ್, ಇವತ್ತೇ ಬರೀತೀನಿ. ನಾಳಿಗಿ ಮೆಮೊ ಬಂದ್ರ ಅದಕ್ಕ ಉತ್ತರ ಬರ್ಯಾವ್ರು ಯಾರು?" ಎಂದರು. ಈ ಪತ್ರ ಬರೆಯಲು ಕುಳಿತದ್ದು ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲವೆಂದು. ಉತ್ತರ ನಿಮ್ಮಲ್ಲಿದೆ.

ಸೇವಾ ನಿಯಮಗಳು ಅಡ್ಡ ಬರುತ್ತವೆ ಎಂದು ಹೇಳುವವರಿದ್ದಾರೆ. ನಿಯಮಗಳನ್ನು ಓದಿಯೇ ಮಾತಾಡೋಣ. ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳು 1964ರವು. ಅದರ 9ನೇ ನಿಯಮ ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವುದನ್ನು ತಡೆಯುತ್ತದೆ. ಉರ್ದು ಭೂಗೋಳ ಪುಸ್ತಕದ ಅಂಚಿನ ಟಿಪ್ಪಣಿಯಲ್ಲಿ ಯಾವ ನೀತಿಯ ಟೀಕೆ ಇದೆ? ಅದಕ್ಕಿಂತ ಮುಖ್ಯವಾದದ್ದು 8ನೇ ನಿಯಮ. ಪತ್ರಿಕೆ ನಡೆಸುವುದಕ್ಕೆ, ಸಂಪಾದಿಸುವುದಕ್ಕೆ ಮುಂಚಿತ ಅನುಮತಿ ಬೇಕೆನ್ನುವ ಅದೇ ನಿಯಮ, ನೌಕರ ತನ್ನ ಕರ್ತವ್ಯವನ್ನು ಪ್ರಾಮಾಣಿಕವಾಗಿ ನಿರ್ವಹಿಸುತ್ತ ಪುಸ್ತಕ ಪ್ರಕಟಿಸಿದರೆ ಅಥವಾ ಸಾರ್ವಜನಿಕ ಮಾಧ್ಯಮದಲ್ಲಿ ಭಾಗವಹಿಸಿದರೆ ಆ ನಿರ್ಬಂಧ ಅನ್ವಯಿಸದು ಎನ್ನುತ್ತದೆ. ಅಭಿಪ್ರಾಯ ತನ್ನದು, ಸರ್ಕಾರದ್ದಲ್ಲ ಎಂದು ಸ್ಪಷ್ಟಪಡಿಸಬೇಕು ಎನ್ನುತ್ತದೆ. ಅಂದರೆ ಬರೆಯುವುದು ಕರ್ತವ್ಯ ಎಂದು ನೀವು ಹೇಳಿದ ದಿನ ಗಂಟು ಬಿಚ್ಚಿಕೊಳ್ಳುತ್ತದೆ. ರಾಜ್ಯದ ನೌಕರರಿಗೆ ಬೇರೆ ನಿಯಮಾವಳಿ ಇದೆ, ವಿಶ್ವವಿದ್ಯಾಲಯಗಳಿಗೆ ತಮ್ಮವೇ ಪರಿನಿಯಮಗಳಿವೆ. ನಿಮ್ಮ ಕಾನೂನು ಸಲಹೆಗಾರರನ್ನು ಕೇಳಿ, ಇದೇ ದಾರಿಯಲ್ಲಿ ಒಂದು ಪುಟದ ನೀತಿ ಬರೆಸಿ. ಸಿಂಡಿಕೇಟ್ ಸಭೆಯಲ್ಲಿ ಅದಕ್ಕೆ ಹೆಚ್ಚು ಹೊತ್ತೇನೂ ಹಿಡಿಯದು.

ಗ್ರಂಥಪಾಲಕರ ಕೆಲಸ ಪುಸ್ತಕ ಕೊಡುವುದು, ಬರೆಯುವುದಲ್ಲ ಎಂಬ ಮಾತನ್ನೂ ಕೇಳಿದ್ದೇನೆ. ಈ ಮಾತು ನನಗೆ ಬಹಳ ನೋವು ಕೊಡುತ್ತದೆ. ಪ್ರತಿ ವರ್ಷ ಆಗಸ್ಟ್ 12ರಂದು ನಿಮ್ಮ ಗ್ರಂಥಾಲಯಗಳಲ್ಲಿ ಎಸ್.ಆರ್. ರಂಗನಾಥನ್ ಅವರ ಫೋಟೋಗೆ ಹಾರ ಹಾಕುತ್ತೀರಿ. ಅವರು ಯಾರು? ಗಣಿತ ಪಾಠ ಮಾಡುತ್ತಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಓದುಗರು ಹೇಗೆ ಬರುತ್ತಾರೆ, ಹೇಗೆ ಹುಡುಕುತ್ತಾರೆ, ಎಲ್ಲಿ ಸೋಲುತ್ತಾರೆ ಎಂದು ನೋಡುತ್ತ ನೋಡುತ್ತ ಬರೆದರು. ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳ ಪುಸ್ತಕ 1931ರದು, ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಅವರದೇ ಪದ್ಧತಿಯಾದ ಕೋಲನ್ ವರ್ಗೀಕರಣ 1933ರದು. ಎರಡೂ ಅವರು ಆ ನೌಕರಿಯಲ್ಲಿದ್ದಾಗಲೇ ಬಂದವು. ಮುಂದೆ 1962ರಲ್ಲಿ ಬೆಂಗಳೂರಿನಲ್ಲಿ ಡಾಕ್ಯುಮೆಂಟೇಷನ್ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದವರೂ ಅವರೇ. ಪುಸ್ತಕಗಳಿರುವುದು ಬಳಕೆಗೆ, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂದ ಅವರು ವಿಶ್ವವಿದ್ಯಾಲಯವೊಂದರ ಗ್ರಂಥಾಲಯ ನೌಕರರಾಗಿದ್ದರು, ತಮ್ಮ ಕೆಲಸದ ಬಗ್ಗೆ ಸಾರ್ವಜನಿಕವಾಗಿ ಬರೆದರು. ಅವರ ಫೋಟೋದ ಕೆಳಗೇ ಅವರ ವೃತ್ತಿಯ ಮಕ್ಕಳಿಗೆ ಬರೆಯಬೇಡಿ ಎನ್ನುವುದು ಸರಿಯಲ್ಲ.

ಹೊರಗಿನ ಗ್ರಂಥಾಲಯಗಳು ಇದನ್ನು ಬಹಳ ಹಿಂದೆಯೇ ಮಾಡಿವೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2007ರಲ್ಲಿ ಬ್ಲಾಗ್ ಆರಂಭಿಸಿತು. ಅಲ್ಲಿನ ಸಿಬ್ಬಂದಿ ನಕ್ಷೆ, ಸಂಗೀತ, ಕಾನೂನು ಎಂದು ವಿಭಾಗವಾರು ಬರೆಯುತ್ತಾರೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯವರು ತಮ್ಮಲ್ಲಿರುವ ಪರ್ಷಿಯನ್, ಅರಬ್ಬಿ, ದಕ್ಷಿಣ ಏಷ್ಯಾದ ಹಸ್ತಪ್ರತಿಗಳ ಬಗ್ಗೆ ಹೆಸರು ಹಾಕಿ ಬರೆಯುತ್ತಾರೆ. ವಿಜಯಪುರದ ಆಸಾರ್ ಮಹಲಿನಲ್ಲಿದ್ದ ಆದಿಲ್‌ಶಾಹಿ ಹಸ್ತಪ್ರತಿಗಳು ಇಂದು ಇರುವುದು ಆ ಗ್ರಂಥಾಲಯದಲ್ಲೇ. 2023ರ ಅಕ್ಟೋಬರಿನಲ್ಲಿ ಸೈಬರ್ ದಾಳಿಯಾಗಿ ಅವರ ಕ್ಯಾಟಲಾಗೇ ಸ್ಥಗಿತವಾದಾಗ ಮುಚ್ಚಿಡಲಿಲ್ಲ. ಎಲ್ಲಿ ತಪ್ಪಾಯಿತು, ಏನು ಕಲಿತೆವು ಎಂದು 2024ರ ಮಾರ್ಚಿನಲ್ಲಿ ವರದಿ ಬರೆದು ಎಲ್ಲರ ಮುಂದಿಟ್ಟರು. ಬರೆದು ತಿಳಿಸಿದ್ದರಿಂದ ಆ ಸಂಸ್ಥೆಯ ಮರ್ಯಾದೆ ಹೋಗಲಿಲ್ಲ.

ನಮ್ಮಲ್ಲಿ ಬರೆಯಲು ಏನಿದೆ ಎಂದು ಯಾರೂ ಕೇಳಬಾರದು. ರಾಷ್ಟ್ರಕೂಟರ ರಾಜಧಾನಿ ಮಳಖೇಡ ಇಲ್ಲೇ ಇದೆ, ಮಿತಾಕ್ಷರ ಬರೆದ ವಿಜ್ಞಾನೇಶ್ವರನ ಮರ್ತೂರು ಇಲ್ಲೇ ಇದೆ. ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೊರೆದ ಶಿಲ್ಪ ಸಿಕ್ಕಿತು. ಅದರ ಉತ್ಖನನ ವರದಿ ಯಾವ ಕಪಾಟಿನಲ್ಲಿದೆ, ಅದರಲ್ಲಿ ಸಾಮಾನ್ಯ ಓದುಗ ಯಾವ ಪುಟಗಳನ್ನು ಮೊದಲು ನೋಡಬೇಕು ಎಂದು ಒಬ್ಬ ಗ್ರಂಥಪಾಲಕಿ ಬರೆದರೆ ಚಿತ್ತಾಪುರದ ಶಾಲಾ ಮಾಸ್ತರರು ಮಕ್ಕಳಿಗೆ ಓದಿ ಹೇಳುತ್ತಾರೆ. ಬ್ರಿಟಿಷರ ವಿರುದ್ಧ ಸುರಪುರದಲ್ಲಿ ನಡೆದ 1858ರ ಹೋರಾಟದ ಬಗ್ಗೆ ಇಂಗ್ಲಿಷಿನಲ್ಲಿ ಏನಿದೆ, ಕನ್ನಡದಲ್ಲಿ ಏನಿದೆ, ಅಲ್ಲಿ ಆಡಳಿತಗಾರನಾಗಿದ್ದ ಮೆಡೋಸ್ ಟೇಲರ್ ಬರೆದದ್ದು ಎಲ್ಲಿ ಸಿಗುತ್ತದೆ ಎಂಬುದು ಯಾದಗಿರಿಯ ಹುಡುಗರಿಗೆ ಬೇಕಾದ ಮಾಹಿತಿ. ಬೀದರಿನಲ್ಲಿ 1472ರಲ್ಲಿ ಮುಗಿದ ಮಹಮೂದ್ ಗವಾನ್ ಮದರಸಾ ನೋಡಲು ಹೋದರೆ, ಇಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವಂತೆ ಎಂದು ಗೈಡುಗಳು ಹೇಳುತ್ತಾರೆ. ಯಾವ ಹಸ್ತಪ್ರತಿಗಳು, ಯಾರು ಕಾಯುತ್ತಿದ್ದರು ಎಂದು ಕೇಳಿದರೆ ಮುಂದೆ ಮಾತಿಲ್ಲ. ಆ ಸಂಖ್ಯೆಯನ್ನು ಹೇಳಿ ಹೆಮ್ಮೆಪಡುವ ನಾವು, ಇಂದು ನಮ್ಮ ಗ್ರಂಥಾಲಯಗಳಲ್ಲಿ ಇರುವುದನ್ನು ಬರೆದಿಡಬೇಕಲ್ಲವೇ?

ಓದುವವರಿಲ್ಲ ಎಂಬ ಮಾತೂ ಬೇಡ. 2020ರ ಫೆಬ್ರವರಿಯಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯದ ಆವರಣದಲ್ಲೇ 85ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಪುಸ್ತಕ ಮಳಿಗೆಗಳ ಮುಂದೆ ನಿಲ್ಲಲು ಜಾಗವಿರಲಿಲ್ಲ. ಅದೇ ಜನ ಇಂದೂ ಇಲ್ಲೇ ಇದ್ದಾರೆ.

ಈಗ ನನಗೆ ಬಹಳ ಮುಖ್ಯವೆನಿಸುವ ಮಾತು. ಓಪಾಕ್ ಪರದೆಯ ಕಡೆ ಬಗ್ಗಿ ನನ್ನ ವಿದ್ಯಾರ್ಥಿನಿಗೆ ದಾರಿ ತೋರಿಸಿದವರು ಹೊರಗುತ್ತಿಗೆ ನೌಕರರು. ಏಜೆನ್ಸಿ ಬದಲಾದಾಗಲೆಲ್ಲ ಅವರ ಗುರುತಿನ ಚೀಟಿ ಬದಲಾಗುತ್ತದೆ, ಕೆಲಸ ಮಾತ್ರ ಅದೇ ಸ್ಟ್ಯಾಕ್ ರೂಮಿನಲ್ಲಿ ಮುಂದುವರಿಯುತ್ತದೆ. ಮಂಜೂರಾದ ಹುದ್ದೆಗಳು ಖಾಲಿಯಾದಂತೆಲ್ಲ ಇಂಥವರ ಮೇಲೆಯೇ ಗ್ರಂಥಾಲಯಗಳು ನಿಂತಿವೆ. ಯಾವ ಕಪಾಟಿನ ಹಿಂದೆ ಗೆದ್ದಲು ಹತ್ತಿದೆ, ಯಾವ ಗೋಡೆ ಮಳೆಗಾಲದಲ್ಲಿ ಒಸರುತ್ತದೆ, ಬೈಂಡಿಂಗಿಗೆ ಹೋಗಿ ಬಂದ ಯಾವ ಸಂಪುಟದಲ್ಲಿ ಪುಟಗಳು ಹಿಂದುಮುಂದಾಗಿವೆ, ಎಲ್ಲವೂ ಅವರಿಗೆ ಗೊತ್ತು. ಬರೆಯುವ ಅವಕಾಶ ಕಾಯಂ ನೌಕರರಿಗೆ ಮಾತ್ರ ಎಂದು ಆದೇಶ ಹೊರಟರೆ ಅರ್ಧ ಗ್ರಂಥಾಲಯದ ಬಾಯಿ ಮುಚ್ಚಿದಂತೆ. ಅವರ ಹೆಸರೂ ಬರಹದ ಕೆಳಗೆ ಇರಲಿ. ಅಕ್ಷರ ಕೂಡಿಸಲು ಕಷ್ಟವಾದವರು ಹೇಳಲಿ, ಮತ್ತೊಬ್ಬರು ಬರೆದುಕೊಳ್ಳಲಿ, ಹೆಸರು ಹೇಳಿದವರದ್ದೇ ಇರಲಿ. ಬರೆದದ್ದಕ್ಕಾಗಿ ಗುತ್ತಿಗೆ ನವೀಕರಣಕ್ಕೆ ತೊಂದರೆಯಾಗದು ಎಂಬ ಭರವಸೆ ನಿಮ್ಮ ಸಹಿಯೊಂದಿಗೆ ಬೇಕು.

ಸಿಬ್ಬಂದಿಯ ಕನ್ನಡ ಶುದ್ಧವಿಲ್ಲ, ವಿಶ್ವವಿದ್ಯಾಲಯದ ಹೆಸರು ಕೆಡುತ್ತದೆ ಎಂದು ಅಳುಕುವವರಿಗೆ ನಾನು ಕನ್ನಡದ ಮಾಸ್ತರನಾಗಿ ಹೇಳುತ್ತೇನೆ: ಕಾಗುಣಿತ ತಿದ್ದಲು ನಾವಿದ್ದೇವೆ. ಈ ಭಾಗದ ಕಾಲೇಜುಗಳ ಕನ್ನಡ ಅಧ್ಯಾಪಕರು ಎಷ್ಟೋ ಜನ ಸಂತೋಷದಿಂದ ಬರುತ್ತಾರೆ. ನಾನಂತೂ ಬರುತ್ತೇನೆ. ಆದರೆ ನಮ್ಮ ಕಡೆಯ ಮಾತನ್ನು ತಿದ್ದಿ ಪಠ್ಯಪುಸ್ತಕದ ಮಾತು ಮಾಡುವುದು ಬೇಡ. ಉರ್ದು ಓದಬಲ್ಲ ಸಿಬ್ಬಂದಿ ಉರ್ದುವಿನಲ್ಲೂ ಬರೆಯಲಿ, ಬೀದರ್ ಕಡೆಯವರು ಮರಾಠಿಯಲ್ಲೂ ಬರೆಯಲಿ. ಈ ಮೂರೂ ಭಾಷೆಯ ಪುಸ್ತಕಗಳನ್ನು ದಿನಾ ಮುಟ್ಟುವವರು ಅವರೇ.

ಎಚ್ಚರಿಕೆ ಬೇಕಾದ ಕಡೆ ಎಚ್ಚರಿಕೆ ಇರಲಿ. ಯಾರು ಯಾವ ಪುಸ್ತಕ ಒಯ್ದರು ಎಂಬುದು ಎಂದೂ ಬರಹದಲ್ಲಿ ಬರಬಾರದು. ಅದು ಓದುಗರ ಖಾಸಗಿ ವಿಷಯ, ಒಳ್ಳೆಯ ಗ್ರಂಥಪಾಲಕರು ಅದನ್ನು ಹೇಳದೆಯೇ ಪಾಲಿಸುತ್ತಾರೆ. ಪುಸ್ತಕದ ಬಗ್ಗೆ ಬರೆಯುವುದು ಬೇರೆ, ಪುಸ್ತಕವನ್ನೇ ಸ್ಕ್ಯಾನ್ ಮಾಡಿ ಹಾಕುವುದು ಬೇರೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ನಂತರವೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಇದನ್ನು ಗ್ರಂಥಪಾಲಕರಿಗೆ ನಾನು ಕಲಿಸಬೇಕಿಲ್ಲ.

ಸಮಯದ ಪ್ರಶ್ನೆ ನಿಜವಾದದ್ದು. ಇರುವ ನಾಲ್ಕು ಜನ ಇಶ್ಯೂ ಕೌಂಟರ್ ನೋಡಬೇಕು, ನೋ ಡ್ಯೂ ಕೊಡಬೇಕು, ಸಂಸ್ಥೆಯ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿ ಬಂದಾಗ ರಾತ್ರಿಯವರೆಗೆ ಕಡತ ಜೋಡಿಸಬೇಕು. ಇದರ ಮೇಲೆ ಬರಹವನ್ನೂ ಹೇರಿದರೆ ಅವರು ಶಪಿಸುತ್ತಾರೆ. ಹಾಗಾಗಿ ಯಾರಿಗೂ ಕಡ್ಡಾಯ ಬೇಡ. ಮನಸ್ಸಿದ್ದವರಿಗೆ ವಾರದಲ್ಲಿ ಅರ್ಧ ದಿನ ಕೌಂಟರಿನಿಂದ ಬಿಡುವು ಕೊಡಿ, ಅದನ್ನು ಹಾಜರಿಯಲ್ಲಿ ಕೆಲಸವೆಂದೇ ಬರೆಯಿರಿ, ಬಡ್ತಿಯ ಹೊತ್ತಿಗೆ ಲೆಕ್ಕಕ್ಕೆ ಹಿಡಿಯಿರಿ.

ಉದ್ಘಾಟನಾ ಸಮಾರಂಭ ದಯವಿಟ್ಟು ಬೇಡ. ದೀಪ ಹಚ್ಚಿ, ಶಾಲು ಹೊದಿಸಿ, ಮೂರು ಬರಹಗಳ ನಂತರ ನಿಂತುಹೋದ ಜಾಲಪುಟಗಳನ್ನು ಬಹಳ ನೋಡಿದ್ದೇವೆ. ಸದ್ದಿಲ್ಲದೆ ಶುರುವಾಗಲಿ, ನಿಧಾನ ನಡೆಯಲಿ. ಬರಹಗಳು ಯಾರದೋ ಸ್ವಂತ ಖಾತೆಯಲ್ಲಿರದೆ ವಿಶ್ವವಿದ್ಯಾಲಯದ ಸರ್ವರಿನಲ್ಲಿರಲಿ. ಬರೆದವರು ನಿವೃತ್ತರಾದ ಮೇಲೂ, ಜಾಲತಾಣದ ಗುತ್ತಿಗೆ ಹೊಸ ಕಂಪನಿಗೆ ಹೋದ ಮೇಲೂ ಹಳೆಯ ಕೊಂಡಿಗಳು ಕೆಲಸ ಮಾಡಬೇಕು. ವರ್ಷಕ್ಕೊಮ್ಮೆ ಎಲ್ಲವನ್ನೂ ಅಚ್ಚು ಹಾಕಿಸಿ, ಬೈಂಡ್ ಮಾಡಿಸಿ, ಅಕ್ಸೆಷನ್ ನಂಬರ್ (ದಾಖಲೆ ಸಂಖ್ಯೆ) ಕೊಟ್ಟು ಅದೇ ಗ್ರಂಥಾಲಯದ ಕಪಾಟಿನಲ್ಲಿಡಿ.

ಉರ್ದು ಭೂಗೋಳದ ಪುಸ್ತಕದ ಬಗ್ಗೆ ಬರೆದವರಿಗೆ ಇನ್ನೂ ಕೆಲವು ವರ್ಷ ಸೇವೆ ಉಳಿದಿದೆ. ಆ ಗಂಟಿನಲ್ಲಿ ಇನ್ನೂ ಬಿಚ್ಚದ ಪುಸ್ತಕಗಳಿವೆ ಎಂದು ಹೇಳುತ್ತಿದ್ದರು. ಬರುವ ಆಗಸ್ಟ್ 12ರೊಳಗೆ ಆದೇಶ ಹೊರಡಿಸಿ. ಅದರ ಒಂದು ಪ್ರತಿಯನ್ನು ಇಶ್ಯೂ ಕೌಂಟರಿನ ಪಕ್ಕದ ನೋಟಿಸ್ ಬೋರ್ಡಿಗೆ ಹಚ್ಚಿಸಿ, ಹೊರಗುತ್ತಿಗೆ ನೌಕರರಿಗೂ ಇದು ಅನ್ವಯಿಸುತ್ತದೆ ಎಂಬ ಸಾಲು ಅದರಲ್ಲಿ ಕನ್ನಡದಲ್ಲಿರಲಿ. ಕಾಗುಣಿತ ತಿದ್ದುವ ಕೆಲಸಕ್ಕೆ ಶನಿವಾರ ಮಧ್ಯಾಹ್ನಗಳನ್ನು ನಾನು ಈಗಲೇ ಬಿಟ್ಟುಕೊಟ್ಟಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಕಲಬುರಗಿ ಜಿಲ್ಲೆಯ ಒಬ್ಬ ಕನ್ನಡ ಅಧ್ಯಾಪಕ